ಮಾಳಪ್ಪನ ತಾರೀಖು ಸರಿದ ಮಳೆಗಾಲ

ಹೋದ ವಾರ ಮಾನ್ವಿಯಿಂದ ರಾಯಚೂರಿಗೆ ಹೊರಟ ಬಸ್ಸು ಕಲ್ಲೂರು ದಾಟುವಷ್ಟರಲ್ಲಿ ಮಳೆ ಹಿಡಿಯಿತು. ಅಲ್ಲಿ ಹತ್ತಿದ ಕುರಿಗಾರ ಯಜಮಾನರೊಬ್ಬರು ನನ್ನ ಮುಂದಿನ ಸೀಟಿನಲ್ಲಿ ಕುಳಿತು, ತೊಯ್ದ ಕಂಬಳಿಯನ್ನು ಹೆಗಲಿಂದ ತೆಗೆದು ಮೊಣಕಾಲ ಮೇಲೆ ಹರವಿಕೊಂಡರು. ತೊಯ್ದ ಕಂಬಳಿಯ ವಾಸನೆ ಗೊತ್ತಿದ್ದವರಿಗೆ ಗೊತ್ತು. ಉಣ್ಣೆ, ಒಲೆಯ ಹೊಗೆ, ಹಾಲು ಎಲ್ಲ ಕೂಡಿದ ಗಮಲು ಅದು. ಕಿಟಕಿ ಮುಚ್ಚಿದ ಬಸ್ಸಿನ ತುಂಬ ಅದು ಹಬ್ಬಿದಾಗ ಹಿಂದೆ ಕುಳಿತ ಕಾಲೇಜು ಹುಡುಗಿಯರು ವೇಲಿನಿಂದ ಮೂಗು ಮುಚ್ಚಿಕೊಂಡು ನಕ್ಕರು. ನಾನು ಮಾತ್ರ ಉದ್ದಕ್ಕೆ ಉಸಿರು ಎಳೆದುಕೊಂಡೆ. ಯಾಪಲದಿನ್ನಿಯ ದ್ಯಾವಮ್ಮ ನಮ್ಮ ಆಫೀಸಿನ ಬೆಂಚಿನ ಮೇಲೆ ಹೀಗೇ ತೊಯ್ದ ಕಂಬಳಿ ಹೊದ್ದು ಕೂತಿದ್ದ ಮಳೆಗಾಲ ನೆನಪಾಯಿತು. ವಿಮಾನದ ಟಿಕೆಟ್ಟು ಮಾರುವ ರೀತಿಯೇ ನನ್ನ ಕಣ್ಣೆದುರು ಬದಲಾದ ವರ್ಷ ಅದು.

ರಾಯಚೂರು ಬಸ್‌ಸ್ಟ್ಯಾಂಡಿನ ಹತ್ತಿರ, ಔಷಧ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ ನಮ್ಮ ಟ್ರಾವೆಲ್ಸ್. ಮಾಲೀಕರು ಮಾನ್ವಿಯ ಅಕ್ಕಿ ಗಿರಣಿ ಮನೆತನದ ಬಸವರಾಜಪ್ಪನವರು. ಹಣೆತುಂಬ ವಿಭೂತಿ, ಬಾಯಿತುಂಬ ಎಲೆಅಡಿಕೆ. ಭತ್ತದ ಸುಗ್ಗಿಯಲ್ಲಿ ಗಿರಣಿ ಹಿಡಿದರೆ ಉಳಿದ ದಿನ ಇಲ್ಲಿ ಕೂತು ಬಂದವರ ಜೊತೆ ಮಾತು. ಟಿಕೆಟ್ಟಿನ ಕೆಲಸ ನನ್ನದು. ಮಾನ್ವಿಯಲ್ಲಿ ಬೆಳಗಿನ ರೊಟ್ಟಿ ಬಡಿದು, ಪುಂಡಿಪಲ್ಯ ಡಬ್ಬಿಗೆ ತುಂಬಿಕೊಂಡು, ಬಸ್ಸು ಹಿಡಿದು ಬಂದು ಕಂಪ್ಯೂಟರಿನ ಮೇಲಿನ ಧೂಳು ಒರೆಸಿದರೆ ನನ್ನ ದಿನ ಶುರು. ಕಾಶಿಗೆ ಹೋಗುವ ಶರಣರು, ಉಮ್ರಾಕ್ಕೆ ಹೋಗುವ ಸಾಬರ ಮನೆಯವರು, ಗಲ್ಫಿಗೆ ದುಡಿಯಲು ಹೋಗುವ ದೇವದುರ್ಗದ ಗೌಂಡಿಗಳು, ಮಾನ್ವಿಯ ಟೇಲರುಗಳು, ಎಲ್ಲರೂ ಆ ಕೋಣೆಯ ಮೆಟ್ಟಿಲು ಹತ್ತಿದವರೇ. ವಿಮಾನ ಹತ್ತುವುದು ಹೈದರಾಬಾದಿನಲ್ಲಿ. ಟಿಕೆಟ್ಟು ಕೊಡುತ್ತಿದ್ದುದೂ ಹೈದರಾಬಾದಿನ ಒಂದು ದೊಡ್ಡ ಏಜೆನ್ಸಿ. ನಾವು ಅದರ ಕೈಕೆಳಗಿನ ಸಣ್ಣ ಕೈ.

ಅಲ್ಲಿಯವರೆಗೆ ನನ್ನ ಮುಂದೆ ಇದ್ದದ್ದು ಕಪ್ಪು ಪರದೆ. ಅದರ ಮೇಲೆ ಚಿತ್ರವಿಲ್ಲ, ಬಣ್ಣವಿಲ್ಲ, ಬರೀ ಅಕ್ಷರ, ಅಂಕಿ. ಊರಿಗೊಂದು ಕೋಡು, ಸೀಟಿಗೊಂದು ಕೋಡು, ಊಟಕ್ಕೊಂದು ಕೋಡು. ಒಂದು ಅಕ್ಷರ ಹಿಂದುಮುಂದಾದರೆ ಅದು ಉಗ್ರಾಣದವನ ಹಾಗೆ ಮುಖ ತಿರುಗಿಸುತ್ತಿತ್ತು. ಉಗ್ರಾಣವೇ ಅದು. ವಿಮಾನ ಕಂಪನಿಗಳು ತಮ್ಮ ಸೀಟು, ದರಗಳನ್ನು ತಂದು ಅದರಲ್ಲಿ ಒಟ್ಟಿಡುತ್ತಿದ್ದವು, ನಾವು ಬಾಗಿಲು ತೆರೆದು ಇದ್ದದ್ದನ್ನು ತೋರಿಸುತ್ತಿದ್ದೆವು. ಬರಬರುತ್ತ ಕಂಪನಿಗಳು ಕಡಿಮೆ ದರದ ಸೀಟುಗಳನ್ನು ಅದರಲ್ಲಿ ಇಡುವುದನ್ನೇ ಬಿಟ್ಟವು. ಬಂದವರು ಮೊಬೈಲು ನನ್ನ ಮೂಗಿಗೆ ಹಿಡಿಯುತ್ತಿದ್ದರು.

“ಅಕ್ಕಾರ, ಇದರಾಗ ಕಮ್ಮಿ ತೋರ್ಸಾಕತ್ತದ, ನಿಮ್ಮದರಾಗ ಯಾಕ ಜಾಸ್ತಿ?”

“ನನ್ನ ಪರದಿ ಕಪ್ಪು ಅದ ನೋಡಪಾ, ಸೂರ್ಯಾನ ಬೆಳಕ ಬೀಳಂಗಿಲ್ಲ ಅದಕ್ಕ,” ಎಂದು ನಗಿಸಿ ಕಳಿಸುತ್ತಿದ್ದೆ. ಒಳಗೊಳಗೇ ಅಂಗಡಿ ಮುಚ್ಚುವ ದಿನ ಬಂತೇನೋ ಎಂಬ ಫಿಕರು.

ಆ ಬೇಸಿಗೆ ಮುಗಿಯುವ ಹೊತ್ತಿಗೆ ಹೈದರಾಬಾದಿನಿಂದ ಕಿರಣ್ ಎಂಬ ಹುಡುಗ ಬಂದ. ಏಜೆನ್ಸಿಯವರು ಕಳಿಸಿದ್ದರು, ಹೊಸದನ್ನು ನನಗೆ ಕಲಿಸಲು. ಕನ್ನಡ ಅರ್ಧ, ತೆಲುಗು ಅರ್ಧ. ಅವನು ಕೂತು ಏನೋ ಒತ್ತಿದ. ಬಿಳಿಯ ಕಿಟಕಿಯೊಂದು ತೆರೆದುಕೊಂಡಿತು.

“ಅಕ್ಕಾ, ಇನ್ನ ಕೋಡ್ ಎಲ್ಲಾ ಮರ್ತುಬಿಡ್ರಿ. ಚಾಲಾ ಈಜಿ.”

“ಮರೀರಿ ಅಂದ್ರ ಹೆಂಗೋ ತಮ್ಮಾ? ನನಗ ಕನಸೂ ಕೋಡಿನಾಗ ಬೀಳ್ತಾವ.”

ಅವನು ತಾಳ್ಮೆಯಿಂದ ತಿಳಿಸಿದ. ಇನ್ನು ಮುಂದೆ ನಡುವೆ ಉಗ್ರಾಣ ಇಲ್ಲ. ನಾನು ಇಲ್ಲಿಂದ ಕೇಳುವುದು ನೇರ ವಿಮಾನ ಕಂಪನಿಯ ಬಳಿಗೇ ಹೋಗುತ್ತದೆ. ಹೋಗುವವರು ಯಾರು, ಯಾವ ದಿನ, ಸಾಮಾನು ಎಷ್ಟು, ತಾರೀಖು ಬದಲಿಸುವ ಸಂಭವ ಉಂಟೋ ಇಲ್ಲವೋ, ಇದೆಲ್ಲ ಕೇಳಿಸಿಕೊಂಡು ಕಂಪನಿ ಆ ಕ್ಷಣಕ್ಕೆ, ಆ ಮನುಷ್ಯನಿಗೆಂದೇ ಒಂದು ಉತ್ತರ ಕಟ್ಟಿ ಕಳಿಸುತ್ತದೆ. ಅದು ಆಫರು. ಒಪ್ಪಿದರೆ ಆರ್ಡರು. ಟಿಕೆಟ್ಟು, ಸಾಮಾನು, ಸೀಟು, ಊಟ ಬೇರೆಬೇರೆಯಾಗಿ ಅಲೆಯುವುದಿಲ್ಲ, ಎಲ್ಲ ಒಂದೇ ಆರ್ಡರಿನ ಮಡಿಲಲ್ಲಿ ಇರುತ್ತವೆ. ಮೊಬೈಲಿನಲ್ಲಿ ಕಾಣುವ ಕಡಿಮೆ ದರ ಇನ್ನು ನನ್ನ ಮೇಜಿಗೂ ಬರುತ್ತದೆ.

ಪರೀಕ್ಷೆಗೆಂದು ನಾನು ಒಂದು ಪ್ರಶ್ನೆ ಕೇಳಿದೆ. ಉಸಿರು ಬಿಡುವಷ್ಟರಲ್ಲಿ ಉತ್ತರ ಬಂತು. ಕಡಲಾಚೆಯ ಊರಿನವರು ರಾಯಚೂರಿನ ಔಷಧ ಅಂಗಡಿಯ ಮೇಲೆ ಕೂತ ನನಗೆ ಉತ್ತರ ಕೊಟ್ಟರಲ್ಲ ಎಂದು ಮೈ ಜುಮ್ಮೆಂದಿತು. ಬಸವರಾಜಪ್ಪನವರು ಎಲೆಅಡಿಕೆ ಅಗಿಯುವುದನ್ನು ನಿಲ್ಲಿಸಿ, “ಮತ್ತೊಮ್ಮಿ ಕೇಳ್ರಿ ಶಾಂತಕ್ಕ, ಮತ್ತೊಮ್ಮಿ,” ಎಂದು ಕೂಸಿನ ಹಾಗೆ ಹಟ ಹಿಡಿದರು.

ಹೊರಡುವಾಗ ಕಿರಣ್ ಒಂದು ಮಾತು ಹೇಳಿದ. “ಮಾರೋದು ಬಂದದ ಅಕ್ಕಾ. ಮಾರಿದ ಮ್ಯಾಲ ಬದಲಿ ಮಾಡೋದು, ವಾಪಸ್ ಮಾಡೋದು ಇಂಕಾ ಬರ್ಬೇಕು. ಮಳಿಗಾಲದಾಗ ಬರ್ತದ.”

ದ್ಯಾವಮ್ಮ ಬಂದದ್ದು ಮಳೆ ಶುರುವಾದ ಮೇಲೆ. ಜಿಟಿಜಿಟಿ ಮಳೆಯಲ್ಲಿ ಕಂಬಳಿಯನ್ನು ತಲೆಯಿಂದ ಹೊದ್ದು, ಕಂಕುಳಲ್ಲಿ ಒಂದು ಮಗುವನ್ನು ಎತ್ತಿಕೊಂಡು ಮೆಟ್ಟಿಲು ಹತ್ತಿ ಬಂದಳು. ಮಗುವಿಗೆ ಬೆನ್ನು ಮುಟ್ಟುವ ಜಡೆ, ತುದಿಗೆ ಕೆಂಪು ರಿಬ್ಬನ್ನು.

“ಬಾರವ್ವಾ ಮಗಳ, ಪೆಪ್ಪರಮೆಂಟು ತಗೊ,” ಎಂದರು ಬಸವರಾಜಪ್ಪನವರು.

“ನಾ ಮಗಳಲ್ಲ! ನಾ ಬೀರಪ್ಪ!” ಎಂದು ಮಗು ಕೂಗಿತು.

“ಹೌದ್ರಿ ಸಾಹೇಬ್ರ, ತಪ್ಪಾತ್ರಿ,” ಎಂದು ಸಾವಕಾರರು ಕೈಮುಗಿದರು. ಹುಡುಗ ಪೆಪ್ಪರಮೆಂಟು ಕಸಿದುಕೊಂಡು ತಾಯಿಯ ಕಂಬಳಿಯೊಳಗೆ ಮುಖ ಹುದುಗಿಸಿದ.

ದ್ಯಾವಮ್ಮ ನಗಲಿಲ್ಲ. “ಎಲ್ಲಾರೂ ಹಿಂಗ ಅಂತಾರ್ರಿ. ಅಂಗನವಾಡ್ಯಾಗ ಹುಡುಗ್ರು ಜಡಿ ಎಳದು ಅಳಸ್ತಾವ. ಜವಳ ಆಗಿಲ್ಲ ಇನ್ನಾ. ಸೋದರಮಾವನ ತೊಡಿ ಮ್ಯಾಲ ಕುಂದ್ರಿಸಿ ಮೊದಲ ಕೂದಲ ತೆಗೀಬೇಕು. ಮಾವ ಇಲ್ಲಿಲ್ಲ.”

ಮಾವ ಅಂದರೆ ಅವಳ ತಮ್ಮ ಮಾಳಪ್ಪ. ಗಲ್ಫಿನ ಮರುಭೂಮಿಯಲ್ಲಿ ಯಾರದೋ ಕುರಿ ಕಾಯುತ್ತಿದ್ದ. ಇಲ್ಲಿ ತಮ್ಮ ಕುರಿ ಕಾಯುತ್ತಿದ್ದವನು ಅಲ್ಲಿ ಪರರ ಕುರಿ ಕಾಯಲು ಹೋದಾಗ ಈ ಹುಡುಗ ಇನ್ನೂ ಹೊಟ್ಟೆಯಲ್ಲಿದ್ದ. ಮೂರನೇ ವರ್ಷಕ್ಕೆ ಬರುತ್ತೇನೆಂದವನಿಗೆ ರಜೆ ಸಿಗಲಿಲ್ಲ. ಜವಳ ಬೆಸ ವರ್ಷದಲ್ಲಿ ಆಗಬೇಕು. ಈಗ ಐದನೆಯದು ನಡೆದಿದೆ, ಕಾರ್ತಿಕ ಬಂದರೆ ಅದೂ ಮುಗಿಯುತ್ತದೆ. ತಂದೆತಾಯಿ ತೀರಿದ ಮೇಲೆ ಅವಳಿಗೆ ತವರು ಅಂತ ಉಳಿದವನು ಅವನೊಬ್ಬನೇ.

“ನಮ್ಮತ್ತಿ ಹೇಳಿಬಿಟ್ಟಾಳ್ರಿ. ಈ ಸಲಾನೂ ಬರ್ಲಿಲ್ಲಂದ್ರ ನನ್ನ ತಮ್ಮನ ಕುಂದ್ರಸ್ತೀನಿ, ನಿನ್ನ ತವರ ಮನಿ ಹಾದಿ ಮುಚ್ಚಿತು ಅಂತ ತಿಳಕೊ ಅಂತ.”

ಮಾಳಪ್ಪನ ಮಾಲೀಕ ಈ ಬಾರಿ ಒಂದು ತಿಂಗಳ ರಜೆ ಒಪ್ಪಿದ್ದ. ನೀರಿನ ಟ್ಯಾಂಕರು ತರುವ ಡ್ರೈವರನ ಫೋನಿನಿಂದ ಮಾಳಪ್ಪ ಮಾತಾಡಿ, ಟಿಕೆಟ್ಟು ನೀನೇ ತೆಗೆಸು ಅಕ್ಕಾ ಎಂದಿದ್ದ.

“ಯಾವ ತಾರೀಖು ಬರಬೇಕು ಅಂವ?” ಎಂದೆ.

“ತಾರೀಖು ದೇವ್ರು ಇನ್ನಾ ಕೊಟ್ಟಿಲ್ರಿ.”

ನಮ್ಮ ಕಡೆ ಹೂ ಕೇಳುವುದು ಗೊತ್ತಲ್ಲ. ದೇವರಿಗೆ ಹೂ ಏರಿಸಿ, ಇಂಥ ದಿನ ಮಾಡಲೇ ಎಂದು ಬೇಡಿಕೊಂಡು ಕಾಯುವುದು. ಬಲಕ್ಕೆ ಬಿದ್ದರೆ ಹೂಂ, ಎಡಕ್ಕೆ ಬಿದ್ದರೆ ಬೇಡ. ಅವರ ಬೀರಲಿಂಗನ ಪೂಜಾರಿಯ ಮನೆಯಲ್ಲಿ ಸೂತಕ. ಅದು ಕಳೆಯುವವರೆಗೆ ಹೂ ಕೇಳುವಂತಿಲ್ಲ. ಇತ್ತ ಹಬ್ಬದ ರಜೆ ಹತ್ತಿರ ಬಂದು ಸೀಟುಗಳು ದಿನದಿನಕ್ಕೆ ಕರಗುತ್ತಿದ್ದವು. ಬಿಳಿ ಕಿಟಕಿಯಲ್ಲಿ ಕೇಳಿದೆ. ಮೂರು ಉತ್ತರ ಬಂದವು. ಒಂದು ತೀರ ಅಗ್ಗ, ಆದರೆ ತಾರೀಖು ಬದಲಿಸಲು ಆಗದು. ಇನ್ನೊಂದು ದುಬಾರಿ. ನಡುವಿನದರಲ್ಲಿ ತಾರೀಖು ಬದಲಿಸಬಹುದು, ಎರಡು ಬ್ಯಾಗು ಒಯ್ಯಬಹುದು.

ಇವೆಲ್ಲ ಎಲ್ಲಿಂದ ಬಂದವು ಎಂದು ಅವಳು ಕೇಳಿದಾಗ ಕಿರಣ್ ಹೇಳಿದ್ದನ್ನೇ ಹೇಳಿದೆ. ಮೊದಲು ಒಂದೇ ಕಡೆ ಬರೆದಿಟ್ಟಿರುತ್ತಿದ್ದರು, ಈಗ ಪ್ರತಿಯೊಬ್ಬರಿಗಾಗಿ ಪ್ರತಿ ಸಲ ಕೇಳಬೇಕು, ಅವರು ಆಗಲೇ ಉತ್ತರ ಕೊಡುತ್ತಾರೆ.

“ಹಂಗಾರ ಇದೂ ಹೂ ಕೇಳಿದಂಗ ಆತಲ್ರಿ,” ಎಂದಳು ದ್ಯಾವಮ್ಮ.

ಬಸವರಾಜಪ್ಪನವರು ಹೊಟ್ಟೆ ಕುಣಿಸಿ ನಕ್ಕರು. ನನಗೆ ನಗು ಬರಲಿಲ್ಲ. ಬಿಳಿಯ ಕಿಟಕಿಯ ಮುಂದೆ ನನಗಾದ ಪುಳಕಕ್ಕೆ ಒಂದು ಮಾತು ಸಿಕ್ಕಿತ್ತು. ನಡುವಿನ ಉತ್ತರ ಒಪ್ಪಿ ಟಿಕೆಟ್ಟು ತೆಗೆದೆ. ಆ ದರ ಇದ್ದದ್ದು ಮಾಳಪ್ಪನ ರಜೆಯ ಎರಡನೇ ವಾರದ ಗುರುವಾರಕ್ಕೆ, ಅಂದು ಅವನು ಹೈದರಾಬಾದಿಗೆ ಇಳಿಯುವುದು.

ಸೂತಕ ಕಳೆಯಿತು. ಹೂ ಕೇಳಿದರು. ಬೀರಲಿಂಗ ಒಂದು ಸೋಮವಾರ ಕೊಟ್ಟ. ಆ ಸೋಮವಾರ ಮಾಳಪ್ಪ ಇಳಿಯುವ ಗುರುವಾರಕ್ಕಿಂತ ಮೊದಲೇ ಬರುತ್ತಿತ್ತು.

“ಇನ್ನೊಂದ ದಿನ ಕೇಳಬೇಕಿತ್ತಿಲ್ಲೋ ಯವ್ವಾ?” ಎಂದೆ.

“ಕೇಳಿದ್ವಿರಿ ಮೊದಲ. ಅಂವ ಬಂದ ಮ್ಯಾಲಿನ ಎಲ್ಲಾ ಸೋಮವಾರ ಕೇಳಿದ್ವಿ. ಎಲ್ಲಾ ಎಡಕ್ಕ ಬಿದ್ದವು. ಕಡೀಕ ಇದ ಬಲಕ್ಕ ಬಿತ್ತು. ಕೊಟ್ಟ ಮ್ಯಾಲ ಮತ್ತ ಕೇಳಂಗಿಲ್ರಿ, ದೇವರ್ನ ಅಂಗಡಿ ಮಾಡಿದಂಗ ಆಗ್ತದ.”

ಸರಿ, ಬದಲಿಸಿದರಾಯಿತು, ಬದಲಿಸಬಹುದಾದ ಟಿಕೆಟ್ಟೇ ಅಲ್ಲವೇ ಎಂದುಕೊಂಡು ಕೂತೆ. ಬಿಳಿ ಕಿಟಕಿಯಲ್ಲಿ ಬದಲಿಸುವ ಗುಂಡಿ ಇನ್ನೂ ಬಂದಿರಲಿಲ್ಲ. ನನ್ನ ಹಳೆಯ ಕಪ್ಪು ಪರದೆಗೆ ಹೋಗಿ ಹುಡುಕಿದರೆ ಇಂಥ ಟಿಕೆಟ್ಟೇ ಇಲ್ಲ ಎಂದಿತು. ವಿಮಾನ ಕಂಪನಿಗೆ ಫೋನು ಹಚ್ಚಿದೆ. ಸಂಗೀತ ಕೇಳಿ ಕೇಳಿ ಕಿವಿ ಬಿಸಿಯಾದ ಮೇಲೆ ಒಬ್ಬ ಹುಡುಗಿ, ಏಜೆಂಟರ ಮೂಲಕ ಕೊಂಡದ್ದು ಮೇಡಂ, ಏಜೆಂಟರನ್ನೇ ಕೇಳಿ ಎಂದಳು. ನಾನೇ ಏಜೆಂಟು ತಾಯಿ ಎಂದೆ. ಹಾಗಾದರೆ ನಿಮ್ಮ ಮೇಲಿನವರನ್ನು ಕೇಳಿ ಎಂದಳು. ಮೇಲಿನವರಿಗೆ ಹಚ್ಚಿದರೆ ಕಿರಣನ ದನಿ ಇಳಿದುಹೋಗಿತ್ತು.

“ಅದು ಬರೋದು ಅದ ಅಕ್ಕಾ. ಈ ವಾರ ಬರ್ತದ ಅಂತಾರ. ಗಟ್ಟಿಯಾಗಿ ಹೇಳಾಕ ನನ್ನ ಕೈಯಾಗ ಇಲ್ಲ.”

ದ್ಯಾವಮ್ಮನಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಈ ಟಿಕೆಟ್ಟು ಬಿಟ್ಟುಕೊಟ್ಟು ಹೊಸದು ತೆಗೆಯಬಹುದು, ಆದರೆ ಕಟ್ಟಿದ್ದು ಯಾವಾಗ ವಾಪಸು ಬರುತ್ತದೋ ತಿಳಿಯದು, ಹೊಸದಕ್ಕೆ ಅವರ ಕೈಯಲ್ಲಿ ದುಡ್ಡಿಲ್ಲ. ಕಾಯಬಹುದು, ಆದರೆ ಕಾಯುವಷ್ಟರಲ್ಲಿ ಮೊದಲಿನ ವಿಮಾನಗಳು ತುಂಬಿಬಿಡಬಹುದು.

“ನೀವು ಏನಂತೀರಿ ಅಕ್ಕಾರ?”

“ನಾ ಆದ್ರ ಕಾಯ್ತಿದ್ದೆ ಯವ್ವಾ.”

“ಕಾಯೂದ ಕುರಿಯವ್ರಿಗೆ ಕಲಸಬೇಕೇನ್ರಿ,” ಎಂದು ಅವಳು ಬೆಂಚಿನ ಮೇಲೆ ಕಂಬಳಿ ಮಡಚಿ ಕೂತಳು.

ಆ ವಾರವೆಲ್ಲ ಅವಳು ದಿನಾ ಬಂದಳು. ಯಾಪಲದಿನ್ನಿಯ ಬಸ್ಸು ಇಳಿದು, ತೊಯ್ದು, ನಮ್ಮ ಬೆಂಚಿನ ಮೇಲೆ ಕೂರುತ್ತಿದ್ದಳು. ಊಟದ ಹೊತ್ತಿಗೆ ನನ್ನ ರೊಟ್ಟಿ, ಅವಳ ಶೇಂಗಾ ಹಿಂಡಿ ಬದಲಾಗುತ್ತಿದ್ದವು. ಬೀರಪ್ಪ ಸಾವಕಾರರ ಕುರ್ಚಿ ತಿರುಗಿಸಿ ಆಡುತ್ತಿದ್ದ. ಕಾಶಿಗೆ ಹೋಗಲು ಬಂದ ಕಲ್ಲೂರಿನ ಒಬ್ಬರು ಅವಳನ್ನು ನೋಡಿ, “ನಿಮ್ಮಲ್ಲಿ ಹಾಲು ಮಾರಾಕೂ ಶುರು ಮಾಡೀರೇನ್ರಿ?” ಎಂದು ಕೇಳಿದರು. “ಇಲ್ರಿ, ನಮ್ಮ ಇನ್‌ಸ್ಪೆಕ್ಟ್ರು ಅವ್ರು,” ಎಂದರು ಬಸವರಾಜಪ್ಪನವರು. ದ್ಯಾವಮ್ಮ ಅಂದು ಮೊದಲ ಬಾರಿ ಸೆರಗು ಬಾಯಿಗೆ ಒತ್ತಿ ನಕ್ಕಳು. ನಾನು ನಡುನಡುವೆ ಮೊದಲಿನ ವಿಮಾನಗಳ ಸೀಟು ನೋಡುತ್ತಿದ್ದೆ. ಶುಕ್ರವಾರದ ವಿಮಾನ ತುಂಬಿತು. ಅವಳಿಗೆ ಹೇಳಿದೆ. ತಲೆ ಆಡಿಸಿದಳು. ಮರುದಿನ ಶನಿವಾರದ್ದೂ ತುಂಬಿತು. ಅವಳೇ ನನ್ನ ಮುಖ ನೋಡಿ, “ತುಂಬ್ತೇನ್ರಿ?” ಎಂದಳು.

ಆಮೇಲಿನ ದಿನ ಮಳೆ ಬಿಟ್ಟು ಬಿಸಿಲು ಬಿದ್ದಿತ್ತು. ಕಿರಣನ ಫೋನು ಬಂತು. “ಅಕ್ಕಾ, ಒಮ್ಮಿ ಮುಚ್ಚಿ ತಗೀರಿ ಕಿಟಕಿ.”

ಮುಚ್ಚಿ ತೆಗೆದೆ. ಮಾಳಪ್ಪನ ಆರ್ಡರು ತೆರೆದೆ. ನಿನ್ನೆ ಬರಿದಾಗಿದ್ದ ಜಾಗದಲ್ಲಿ ನೀಲಿಯ ಸಣ್ಣ ಗುಂಡಿ ಒಂದು ಇತ್ತು. ಒತ್ತಿದೆ. ಯಾವ ದಿನಕ್ಕೆ ಎಂದು ಕೇಳಿತು. ದೇವರ ಸೋಮವಾರದ ಹಿಂದಿನ ದಿನ ಎಂದೆ. ಚಕ್ರವೊಂದು ತಿರುಗುತ್ತಲೇ ಇತ್ತು. ದ್ಯಾವಮ್ಮ ಬೆಂಚಿನಿಂದ ಎದ್ದು ಬಂದು ನನ್ನ ಬೆನ್ನ ಹಿಂದೆ ನಿಂತಿದ್ದಳು. ಅವಳ ಉಸಿರು ನನ್ನ ಕಿವಿಗೆ ಬೀಳುತ್ತಿತ್ತು. ಬಸವರಾಜಪ್ಪನವರು ಕೊರಳಿನ ಲಿಂಗದ ಮೇಲೆ ಕೈ ಇಟ್ಟುಕೊಂಡು ಕೂತಿದ್ದರು.

ಉತ್ತರ ಬಂತು. ಭಾನುವಾರ ನೇರ ವಿಮಾನದಲ್ಲಿ ಜಾಗವಿಲ್ಲ, ನಡುವೆ ಒಂದು ಊರಿನಲ್ಲಿ ಇಳಿದು ಹತ್ತಬೇಕು, ಆದರೆ ಭಾನುವಾರ ಮಧ್ಯಾಹ್ನಕ್ಕೆ ಹೈದರಾಬಾದು. ಮೇಲೆ ಕೊಡಬೇಕಾದದ್ದು ಸ್ವಲ್ಪವೇ. ಎರಡೂ ಬ್ಯಾಗುಗಳನ್ನು ಕಂಪನಿ ತಾನೇ ಹೊಸ ವಿಮಾನಕ್ಕೆ ಸರಿಸಿತ್ತು. ಕಿಟಕಿಯ ಪಕ್ಕದ ಸೀಟು ಕೇಳಿದ್ದೆವು, ಅದೂ ಬಂದಿತ್ತು. ನಾನು ಯಾರಿಗೂ ಹೇಳಬೇಕಾಗಲಿಲ್ಲ, ಯಾರ ಕಾಲೂ ಹಿಡಿಯಬೇಕಾಗಲಿಲ್ಲ. ಮೊದಲೆಲ್ಲ ಒಂದು ತಾರೀಖು ಸರಿಸಬೇಕೆಂದರೆ ಅರ್ಧ ದಿನ ಫೋನಿಗೆ ಅಂಟಿಕೊಂಡವಳು ನಾನು. ಈಗ ತಾಯಿಕುರಿಯ ಹಿಂದೆ ಮರಿಗಳು ನಡೆದ ಹಾಗೆ ಒಂದರ ಹಿಂದೆ ಒಂದು ಎಲ್ಲ ತಾವೇ ನಡೆದು ಬಂದಿದ್ದವು. ಒಪ್ಪಿಗೆ ಒತ್ತಿದೆ. ಆಯಿತು ಎಂದಿತು.

“ಆತೇನ್ರಿ?” ಎಂದಳು ದ್ಯಾವಮ್ಮ.

“ಆತು ಯವ್ವಾ.”

“ಇಷ್ಟನಾ?”

“ಇಷ್ಟ.”

ಅವಳು ಪರದೆಯನ್ನು ಮುಟ್ಟಿ ಬೆರಳು ಕಣ್ಣಿಗೆ ಒತ್ತಿಕೊಂಡಳು. ನಾನು ಬೇಡವೆನ್ನಲಿಲ್ಲ. ನನ್ನ ಬೆರಳೂ ಅದನ್ನೇ ಮಾಡಲು ತವಕಿಸುತ್ತಿತ್ತು. ಚಹಾ ಬಂದು ಕುಡಿಯುವಷ್ಟರಲ್ಲಿ ಅವಳ ಫೋನು ಬಡಿದುಕೊಂಡಿತು. ಮರುಭೂಮಿಯಲ್ಲಿ ಟ್ಯಾಂಕರಿನ ಡ್ರೈವರಿಗೆ ಕಂಪನಿಯ ಸಂದೇಶ ತಲುಪಿ, ಅವನು ಮಾಳಪ್ಪನಿಗೆ ಓದಿ ಹೇಳಿದ್ದ. “ಯಕ್ಕಾ, ಭಾನುವಾರ ಅಂತಲ್ಲ ಬೇ?” ಎಂಬ ದನಿ ನನಗೂ ಕೇಳಿಸಿತು. ಅವನ ಹಿಂದೆ ಕುರಿಗಳು ಅರಚುತ್ತಿದ್ದವು.

ಜವಳಕ್ಕೆ ನಮ್ಮನ್ನೂ ಕರೆದಿದ್ದಳು. ಸಾವಕಾರರು, ನಾನು ಯಾಪಲದಿನ್ನಿಗೆ ಹೋದೆವು. ಬೀರಲಿಂಗನ ಗುಡಿಯ ಮುಂದಿನ ಕಟ್ಟೆಯ ಮೇಲೆ ಹೊಸ ಪಂಚೆ ಉಟ್ಟು ಕೂತಿದ್ದ ಕಪ್ಪಗಿನ, ಒಣಗಿದ ಮೈಯ ಮನುಷ್ಯನೇ ಮಾಳಪ್ಪ. ನಿನ್ನೆ ಇಳಿದವನು. ನನ್ನ ಪರದೆಯ ಮೇಲೆ ವಾರಗಟ್ಟಲೆ ಇಂಗ್ಲಿಷ್ ಅಕ್ಷರಗಳ ಸಾಲಾಗಿದ್ದ ಹೆಸರಿಗೆ ಕೈಕಾಲು ಇದ್ದವು, ಸೀಳಿದ ಹಿಮ್ಮಡಿಗಳಿದ್ದವು. ಅವನು ನನ್ನ ಕಾಲಿಗೆ ಬಾಗಲು ಬಂದಾಗ ಏನು ಮಾಡಬೇಕೆಂದು ತೋಚದೆ ಅವನ ರಟ್ಟೆ ಹಿಡಿದುಕೊಂಡೆ. ಬಿಸಿಲಿಗೆ ಕಾದ ಹಾಗೆ ಬೆಚ್ಚಗಿತ್ತು.

ಎಲ್ಲ ಸಿದ್ಧವಾಯಿತು. ಹಡಪದ ಅಣ್ಣ ಕತ್ತರಿ ಹಿಡಿದು ಕೂತ. ಬೀರಪ್ಪ ಮಾತ್ರ ಮಾವನ ಹತ್ತಿರ ಬರಲೊಲ್ಲ. ಎತ್ತಿ ತೊಡೆಯ ಮೇಲೆ ಕೂರಿಸಿದರೆ ಮೈಯೆಲ್ಲ ಬಿಲ್ಲಿನ ಹಾಗೆ ಬಾಗಿಸಿ ಕಿರುಚಿದ.

“ಇಂವ ನನ್ನ ಮಾವ ಅಲ್ಲ! ನಮ್ಮ ಮಾವ ಫೋನಿನಾಗ ಅದಾನ!”

ಹುಡುಗ ಹುಟ್ಟಿದಾಗಿನಿಂದ ಮಾವನನ್ನು ಕಂಡದ್ದೆಲ್ಲ ಅಂಗೈಯಗಲದ ಗಾಜಿನಲ್ಲಿ. ಇಷ್ಟು ದೊಡ್ಡ, ಬೆವರಿನ ವಾಸನೆಯ ಮಾವ ಅವನಿಗೆ ಪರಿಚಯವೇ ಇಲ್ಲ. ದ್ಯಾವಮ್ಮ ರಮಿಸಿದಳು, ಗದರಿದಳು. ಅತ್ತೆ ದೊಡ್ಡ ದನಿಯಲ್ಲಿ, “ಕೂಸಿಗೆ ಗುರ್ತ ಅದ ನೋಡು, ತನ್ನವ್ರು ಯಾರು ಅಂತ,” ಎಂದು ತನ್ನ ತಮ್ಮನ ಕಡೆ ತಿರುಗಿದಳು. ಅವನು ಧೋತರ ಸರಿಮಾಡಿಕೊಂಡು ಎದ್ದೇಬಿಟ್ಟ. ದ್ಯಾವಮ್ಮನ ಮುಖ ನೋಡಲಾಗಲಿಲ್ಲ ನನಗೆ. ದಿನದಿನ ಬೆಂಚಿನ ಮೇಲೆ ಕೂತಾಗಲೂ ಅದು ಹಾಗೆ ಬಾಡಿರಲಿಲ್ಲ.

ಮಾಳಪ್ಪ ಎದ್ದು ಗುಡಿಯ ಹಿಂದಕ್ಕೆ ನಡೆದ. ಸಿಟ್ಟಾಗಿ ಹೋದನೆಂದೇ ಎಲ್ಲರೂ ತಿಳಿದರು. ಅಷ್ಟರಲ್ಲಿ ದ್ಯಾವಮ್ಮನ ಫೋನು ಬಡಿದುಕೊಂಡಿತು. ಬೀರಪ್ಪ ಅಳು ನಿಲ್ಲಿಸಿ ಕಸಿದುಕೊಂಡ. ಗಾಜಿನ ತುಂಬ ಮಾವನ ಮುಖ.

“ಏನಲೇ ಬೀರ್ಯಾ, ಯಾಕ ಅಳಾಕತ್ತೀದಿ?”

“ಮಾವಾ, ಇಲ್ಲಿ ಯಾರೋ ಬಂದಾರ. ನನ್ನ ಕೂದಲ ತಗೀತಾರಂತ. ನೀ ಬಾ.”

“ಬಂದೆ ನೋಡು. ನಡಕೊಂತ ಬರಾಕತ್ತೀನಿ. ಗುಡಿ ಕಾಣ್ತದ ಏನು ನನ್ನ ಹಿಂದ?”

“ಹೂಂ, ಕಾಣ್ತದ.”

“ಬೇವಿನ ಗಿಡ?”

“ಹೂಂ.”

ಗುಡಿಯ ಮೂಲೆಯಿಂದ ಮಾಳಪ್ಪ ಪೂಜಾರಿಯಿಂದ ಇಸಿದುಕೊಂಡ ಫೋನನ್ನು ಕೈಯಲ್ಲಿ ಚಾಚಿ ಹಿಡಿದು, ಮಾತಾಡುತ್ತ, ಒಂದೊಂದೇ ಹೆಜ್ಜೆ ಬಂದ. ಹುಡುಗ ಗಾಜನ್ನು ನೋಡಿದ. ತಲೆಯೆತ್ತಿ ಮನುಷ್ಯನನ್ನು ನೋಡಿದ. ಮತ್ತೆ ಗಾಜನ್ನು ನೋಡಿದ. ಮಾಳಪ್ಪ ಕಟ್ಟೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ. ಕರೆಯಲಿಲ್ಲ, ಕೈ ಚಾಚಲಿಲ್ಲ. ಬೀರಪ್ಪ ಫೋನು ಹಿಡಿದುಕೊಂಡೇ ನಡೆದುಹೋಗಿ, ಬೆನ್ನು ತಿರುಗಿಸಿ, ಆ ತೊಡೆಯ ಮೇಲೆ ಕೂತ.

“ಮಾವಾ, ಎಲ್ಲಿದ್ದೀ ನೀ?” ಎಂದು ಗಾಜಿನೊಳಗೆ ಕೇಳಿದ.

ಮಾಳಪ್ಪ ಅವನ ಕಿವಿಯ ಬಳಿ ಬಾಗಿ, “ಇಲ್ಲೇ ಅದೀನಿ,” ಎಂದ. ಅರೆಕ್ಷಣ ತಡೆದು ಹುಡುಗನ ಕೈಯೊಳಗಿನ ಫೋನೂ ಅದೇ ದನಿಯಲ್ಲಿ, ಇಲ್ಲೇ ಅದೀನಿ, ಎಂದಿತು. ಬೀರಪ್ಪ ಕಿಲಕಿಲ ನಕ್ಕ. ಆ ನಗುವಿನಲ್ಲೇ ಕತ್ತರಿ ಆಡಿ, ಮೊದಲ ಕೂದಲು ಮಾವನ ಅಂಗೈಗೆ ಬಿತ್ತು.